ಮಹಿಳಾ ದಿನದ ಚಹಾಕೂಟ

ನಮ್ಮ ವಾಂಡಿಲೂ ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗದಲ್ಲಿ ಪ್ರತಿ ಮಾರ್ಚ್‌ನಲ್ಲೂ ಮಹಿಳಾ ದಿನದ ಚಹಾಕೂಟವಿಟ್ಟು ಮಹಿಳೆಯರನ್ನು ಗೌರವಿಸುತ್ತಾರೆ. ಮಹಿಳೆಯರೇ ಕೇಕು ಮಾಡಿ ತರಬೇಕು, ಕುರ್ಚಿ ಜೋಡಿಸಬೇಕು, ಗಂಡಸರು ಭಾಷಣ ಮಾಡಿ ಹೋದ ಮೇಲೆ ಕಪ್ಪು ತೊಳೆಯಬೇಕು. ವರ್ಷಗಟ್ಟಲೆ ಇದೆಲ್ಲದರ ಉಸ್ತುವಾರಿ ಮೆರಿನ್ ಟೋಲ್‌ಹರ್ಸ್ಟ್‌ಳ ತಲೆಗೇ ಕಟ್ಟಿದ್ದರು. ಯಾಕೆಂದರೆ ಅದು ಅವಳ ವಿಷಯವಂತೆ. ಕಚೇರಿಗಳಲ್ಲಿ ಹೆಂಗಸರಿಗೆ ಯಾವ ಕೆಲಸ, ಗಂಡಸರಿಗೆ ಯಾವ ಕೆಲಸ ಬೀಳುತ್ತದೆ ಎಂದು ಅವಳು ಸಂಶೋಧನೆ ಮಾಡುತ್ತಾಳೆ, ಹೊಣೆಯರಿತ ನಾಯಕತ್ವವನ್ನು ಬೋಧಿಸುತ್ತಾಳೆ. ಪಾಠ ಮುಗಿಸಿ ಬಂದು ಲ್ಯಾಮಿಂಗ್ಟನ್ ಕೇಕುಗಳ ಮೇಲೆ ಕೊಬ್ಬರಿ ಉದುರಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಲೆಕ್ಕಪತ್ರ ಕಲಿಸುವ ನನಗೆ ನೋಡಿ ನೋಡಿ ಮೈ ಉರಿಯುತ್ತಿತ್ತು.

ಪ್ರೊಫೆಸರ್ ಹುದ್ದೆಗೆ ಹಿಂದೊಮ್ಮೆ ಅವಳು ಅರ್ಜಿ ಹಾಕಿದಾಗ ತಿರಸ್ಕರಿಸಿದ್ದರು. ನಾಯಕತ್ವ ಕಲಿಸುವವಳಲ್ಲಿ ನಾಯಕತ್ವ ಸಾಲದಂತೆ! ಈ ವರ್ಷ ಮತ್ತೆ ಹಾಕಿದ್ದಳು. ಈ ಸಲವೂ ಆಗದಿದ್ದರೆ ಕೆಲಸ ಬಿಡುವುದಾಗಿ ನನ್ನ ಹತ್ತಿರ ಹೇಳಿದ್ದಳು. ಅವಳಿಲ್ಲದ ಆ ಕಾರಿಡಾರನ್ನು ನೆನೆಯಲೂ ನನಗೆ ಇಷ್ಟವಿರಲಿಲ್ಲ.

ಫೆಬ್ರವರಿಯಲ್ಲಿ ಡೀನ್ ಅಲಿಸ್ಟರ್ ಪಿಕರಿಂಗ್ ಎಂದಿನಂತೆ ಬಂದು, ಚಹಾಕೂಟವನ್ನು ನೀವೇ ನೋಡಿಕೊಳ್ಳುತ್ತೀರಲ್ಲ ಎಂದ. ಮೆರಿನ್ ತಣ್ಣಗೆ, ಈ ಸಲ ಗಂಡಸರು ಮಾಡಲಿ ಎಂದುಬಿಟ್ಟಳು. ಡೀನನ ಮುಖ ಸಪ್ಪಗಾಯಿತು.

ಗಂಡಸರು ಕೂಡಲೇ ಕೆಟಲ್ ಇಡಲಿಲ್ಲ, ಸಮಿತಿ ಮಾಡಿದರು. ಮಾರ್ಕೆಟಿಂಗ್ ಪಾಠ ಮಾಡುವ ಡೆಸ್ಮಂಡ್ ಹಾರ್ಕ್‌ನೆಸ್ ಅಧ್ಯಕ್ಷನಾದ. ಹಾಲಿನ ಬಗ್ಗೆ ಸಮೀಕ್ಷೆಯಾಯಿತು, ಸ್ಕೋನ್ ಎಂಬ ಬನ್ನಿನ ಬಗ್ಗೆ ಉಪಸಮಿತಿಯಾಯಿತು, ಪ್ರಾಯೋಗಿಕ ಚಹಾಕೂಟವೊಂದು ನಡೆಯಿತು. ಮಹಿಳಾ ದಿನ ಬಂದಾಗ ಚಹಾ ಉಗುರುಬೆಚ್ಚಗಿತ್ತು, ಸ್ಕೋನು ಹಲ್ಲು ಮುರಿಯುವಂತಿತ್ತು. ಆದರೂ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವರ್ಷದ ನಾಯಕತ್ವ ಪ್ರಶಸ್ತಿ ಡೆಸ್ಮಂಡನಿಗೇ ಹೋಯಿತು. ಕಪ್ಪುಗಳು ಮಾತ್ರ ವಾರವೆಲ್ಲ ಸಿಂಕಿನಲ್ಲೇ ಕೊಳೆಯಾಗಿ ಬಿದ್ದಿದ್ದವು. ತೊಳೆಯುವುದು ಸಮಿತಿಯ ವ್ಯಾಪ್ತಿಗೆ ಬರುತ್ತಿರಲಿಲ್ಲವಂತೆ.

"ಇನ್ನೂ ಸುಮ್ನಿರ್ತೀಯೇನೇ ಮಾರಾಯ್ತಿ? ಹೋಗಿ ಜಗಳ ಆಡು" ಎಂದೆ. ಮೆರಿನ್ ನಕ್ಕು ಅರ್ಜಿಯ ಹಾಳೆಗಳನ್ನು ಜೋಡಿಸತೊಡಗಿದಳು. ನಾನು ಆಸೆ ಬಿಟ್ಟೆ.

ಪ್ರೊಫೆಸರ್ ಹುದ್ದೆಯ ಸಂದರ್ಶನದ ದಿನ ಸಿಬ್ಬಂದಿಯ ಪರವಾಗಿ ನಾನೂ ಮೂಲೆಯಲ್ಲಿ ಕೂತಿದ್ದೆ. ನೋಡಬಹುದು, ಮಾತಾಡುವಂತಿಲ್ಲ. ಸಂಶೋಧನೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆಮೇಲೆ ಡೀನ್ ಗಂಟಲು ಸರಿಮಾಡಿಕೊಂಡು, ನಾಯಕತ್ವಕ್ಕೆ ಪುರಾವೆಯೇನು ಎಂದು ಕೇಳಿದ.

"ಡೆಸ್ಮಂಡ್ ಒಂದ್ಸಲ ಚಹಾಕೂಟ ಮಾಡಿದ್ದಕ್ಕೆ ಅದು ನಾಯಕತ್ವ ಅಂತ ನೀವೇ ಪ್ರಶಸ್ತಿ ಕೊಟ್ರಿ," ಎಂದಳು ಮೆರಿನ್. "ನಾನು ಅದನ್ನೇ ಪ್ರತಿ ವರ್ಷ ಮಾಡಿದೀನಿ. ಸಮಿತಿ ಇಲ್ದೆ. ಚಹಾನೂ ಬಿಸಿ ಇರ್ತಿತ್ತು, ಕಪ್ಪೂ ತೊಳೆದಿರ್ತಿತ್ತು."

ಸಂದರ್ಶನ ಸಮಿತಿಗೆ ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕಿ ಮೊದಲು ನಕ್ಕರು. ಪ್ರಶಸ್ತಿ ಸುಳ್ಳೆನ್ನುವ ಹಾಗಿಲ್ಲ, ಅದಕ್ಕೆ ಸಹಿ ಹಾಕಿದವನು ಡೀನೇ. ಎಲ್ಲರೂ ಒಪ್ಪಿಕೊಳ್ಳಲೇಬೇಕಾಯಿತು, ಹುದ್ದೆ ಮೆರಿನ್‌ಗೇ ಸಿಕ್ಕಿತು. ನನಗೆ ಅಲ್ಲೇ ಅಳು ಬಂತು.

ಮರುದಿನ ಡೀನ್ ಅಭಿನಂದಿಸಲು ಅವಳ ಕೋಣೆಗೆ ಬಂದ. ನಿಜವಾಗಿಯೂ ಬೇಸರವಾದವನ ಹಾಗೆ ಕೇಳಿದ: "ಅದು ನಾಯಕತ್ವ ಅಂತ ಮೊದ್ಲೇ ಹೇಳ್ಬಾರ್ದಿತ್ತಾ, ಮೆರಿನ್?"

"ಗಂಡಸ್ರು ಮಾಡೋವರೆಗೂ ನಂಗೂ ಗೊತ್ತಿರ್ಲಿಲ್ಲ, ಅಲಿಸ್ಟರ್."

ಅವನು ಅದನ್ನು ಹೊಗಳಿಕೆಯೆಂದೇ ತಿಳಿದು ಖುಷಿಯಿಂದ ಹೊರಟುಹೋದ.