ಖಾಲಿ ಕರಡಿಗೆ

"ಬಿದಿರು ಬ್ಯಾಡಪ್ಪಾ! ನಮ್ಮಣ್ಣ ಮಲಗಿ ಹೋಗಂಗಿಲ್ಲ, ಕುಂತು ಹೋಗ್ತಾನ!" ಎಂದು ಸೋಮಲಿಂಗಪ್ಪ ಬಾಗಿಲಲ್ಲಿ ಕೂಗುತ್ತಿದ್ದ. ಚಟ್ಟ ಕಟ್ಟಲು ಬಂದ ತಮಿಳಿನವನು ಹೆಗಲ ಮೇಲಿನ ಗಳ ಇಳಿಸದೆ, "ಉಕ್ಕಾಂದುಟ್ಟಾ? ಕೂತ್ಕೊಂಡಾ?" ಎಂದು ಕಣ್ಣರಳಿಸಿದ. ಲಿಂಗವಂತರು ಹೆಣ ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ ಎಂದು ಟಿ. ನಗರದ ಆ ವಠಾರಕ್ಕೆಲ್ಲ ತಿಳಿಹೇಳುವುದರಲ್ಲೇ ತಮ್ಮನ ಅರ್ಧ ದುಃಖ ಖರ್ಚಾಗಿತ್ತು.

ಒಳಗೆ ವೀರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಜವಳಿ ಅಂಗಡಿಯಲ್ಲಿ ಜೀವಮಾನವೆಲ್ಲ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಚಿಟ್ಟ ಮನುಷ್ಯ. ಯಾರಾದರೂ ಒಳಗೆ ಬಂದರೆ ಈಗಲೂ "ಬರ್ರಿ" ಎಂದಾನು ಎನಿಸುತ್ತಿತ್ತು. ಪಕ್ಕದಲ್ಲಿ ಹೆಂಡತಿ ಶಂಕ್ರಮ್ಮ ಬತ್ತಿದ ಕಣ್ಣಲ್ಲಿ ಕೂತಿದ್ದಳು.

ಮಠದ ಅಯ್ಯನವರು ಮಂತ್ರ ಮುಗಿಸಿದರು. "ಇನ್ನ ಅವರ ಲಿಂಗಾನ ಎಡಗೈಯಾಗ ಇಟ್ಟು ಕಳಸೂದು" ಎನ್ನುತ್ತ ಕರಡಿಗೆಯ ಮುಚ್ಚಳ ತೆಗೆದರು. ತೆಗೆದವರು ಹಾಗೇ ನಿಂತರು.

ಕರಡಿಗೆ ಖಾಲಿಯಾಗಿತ್ತು.

ಹಾಸಿಗೆ ಕೊಡವಿದರು, ಮಂಚದ ಕೆಳಗೆ ಕೈಯಾಡಿಸಿದರು, ದೇವರ ಗೂಡು ತಡಕಿದರು. ನಾದಿನಿ ಸುವರ್ಣಮ್ಮ ಸೆರಗು ಬಾಯಿಗಿಟ್ಟು, "ಕಡೀಗೆ ಶಿವನ ಮ್ಯಾಲ ಸಿಟ್ಟು ಬಂದು ತಗದು ಒಗದಾರೇನೋ, ಪಾಪ" ಎಂದಳು. ಶಂಕ್ರಮ್ಮನ ಹೆದರಿಕೆಯೂ ಅದೇ ಆಗಿತ್ತು. ಲಕ್ವ ಹೊಡೆದು ಎಡಭಾಗ ಬಿದ್ದ ದಿನ ಅವಳು ಡಾಕ್ಟರನ್ನು ಕರೆತರುವಷ್ಟರಲ್ಲಿ ಕರಡಿಗೆಯ ಮುಚ್ಚಳ ಅರ್ಧ ತೆರೆದಿತ್ತು. ಅವಳೇ ಒತ್ತಿ ಮುಚ್ಚಿದ್ದಳು, ಒಳಗೆ ಇಣುಕಿರಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಕಟ್ಟಿಕೊಂಡ ಹೆಂಡತಿಯಾದರೂ. ಆಮೇಲೆ ಅವನ ಮಾತು ತೊದಲಾಯಿತು. ಏನು ಹೇಳಹೊರಟರೂ ಕಣ್ಣಲ್ಲಿ ನೀರು ಬರುತ್ತಿತ್ತು. ಆ ನೀರು ಯಾತರದು ಎಂದು ಅವಳಿಗೆ ತಿಳಿದಿರಲಿಲ್ಲ. ಇಷ್ಟೆಲ್ಲ ತಾಳಿಕೊಂಡವನು ದಡದ ಹತ್ತಿರ ಬಂದು ಕೈಬಿಟ್ಟನೆ?

*

ಐವತ್ತೆರಡನೇ ಇಸವಿಯಲ್ಲಿ ಒಬ್ಬನೇ ಮಗ ನಂಜುಂಡ ವಿಷಮಶೀತ ಜ್ವರದಲ್ಲಿ ಹೋದ. ಗಾಯದ ಮೇಲೆ ಬರೆ ಎಂಬಂತೆ ಅದೇ ತಿಂಗಳು ಮನೆಯ ಮಾಲೀಕ, ಮಗಳ ಮದುವೆ, ಮನೆ ಬಿಡಿ ಎಂದ. ಶಂಕ್ರಮ್ಮ ಮಾಲೀಕನಿಗೂ ಶಿವನಿಗೂ ಸೇರಿಸಿಯೇ ಹಿಡಿಶಾಪ ಹಾಕಿದಳು.

ವೀರಪ್ಪ ಪೊರಕೆ ಹಿಡಿದು, ಬಿಟ್ಟುಹೋಗುವ ಮನೆಯನ್ನು ಮೂಲೆ ಮೂಲೆ ಗುಡಿಸುತ್ತಿದ್ದ.

"ಬಿಟ್ಟು ಹೋಗೂ ಮನಿ ಯಾಕ ಗುಡಿಸ್ತೀರಿ?"

"ಮನಿ ಅವಂದು, ನಾವು ಬಾಡಿಗಿಯವರು. ಬಿಡು ಅಂದಾಗ ಬಿಡೂದು."

"ನಾ ಕೇಳೂದು ಮಗನ ಮಾತು!"

ಪೊರಕೆ ನಿಂತಿತು. "ನಾನೂ ಅದನ್ನ ಹೇಳಾಕತ್ತೀನಿ," ಎಂದ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಮತ್ತೆ ಗುಡಿಸಿದ.

ಬೀಗ ಹಾಕಿ ಹೊರಟಾಗ ಬೀಗದಕೈಯನ್ನು ಅವನು ಜೇಬಿಗೆ ಹಾಕಲಿಲ್ಲ. "ಮಂದಿ ಸಾಮಾನು, ಕಳೀಬಾರದು," ಎಂದು ಮುಷ್ಟಿಯಲ್ಲಿ ಬಿಗಿಹಿಡಿದು ಮಾಲೀಕನ ಮನೆಯವರೆಗೂ ನಡೆದ. ಅವಳಿಗೆ ಮೈಯೆಲ್ಲ ಉರಿದಿತ್ತು.

*

"ಮಠಕ್ಕ ಯಾರನ್ನರೆ ಕಳಸಿ ಬ್ಯಾರೆ ಲಿಂಗ ತರಸೂಣು," ಎಂದರು ಅಯ್ಯನವರು. "ಅಷ್ಟರಾಗ ಎಡಗೈ ಬಿಡಿಸಿ ಇಡ್ರಿ."

ಆ ಕೈ ಲಕ್ವ ಹೊಡೆದಂದಿನಿಂದ ಮುಚ್ಚಿಯೇ ಇತ್ತು. ತೊಳೆಯಲು ಬಿಡಿಸಹೋದರೆ ಅವನು ಗೊರಗೊರ ಎನ್ನುತ್ತಿದ್ದ. ರೋಗದ ಸೆಡೆತ, ಎಳೆಯಬೇಡಿ ಎಂದಿದ್ದರು ಡಾಕ್ಟರು. ಮೀಯಿಸಿದವರೂ ಅದನ್ನು ಹಾಗೇ ಬಿಟ್ಟಿದ್ದರು.

ಎದುರುಮನೆಯ ಅಂಬುಜಮ್ಮ ಬಿಸಿನೀರಿನ ತಂಬಿಗೆ ತಂದರು. ಮಡಿವಂತ ವೈಷ್ಣವ ಮನೆಯ ಹೆಂಗಸು ಇಂದು ಮಡಿ ಗಿಡಿ ನೋಡಲಿಲ್ಲ. "ಕೊಂಚಂ ತಳ್ಳಿ, ಸ್ವಲ್ಪ ಸರಿದು ಕೂತ್ಕೊಳಿ ಶಂಕ್ರಮ್ಮ. ಬಿಸಿಬಟ್ಟೆ ಸುತ್ತಿದ್ರೆ ಬೆರಳು ಸಡಿಲಾಗತ್ತೆ. ನಮ್ಮ ಮಾವಂಗೂ ಇಪ್ಪಡಿತಾನ್, ಹೀಗೇ ಮಾಡಿದ್ವಿ."

"ನಾನ ಬಿಡಿಸ್ತೀನಿ," ಎಂದಳು ಶಂಕ್ರಮ್ಮ.

ಮೊದಲು ಕಿರುಬೆರಳು ಬಿಟ್ಟಿತು. ಆಮೇಲೆ ಒಂದೊಂದಾಗಿ ಉಳಿದವು. ಹೆಬ್ಬೆರಳು ಸರಿಸಿದವಳು "ಅಯ್ಯ ಶಿವನ!" ಎಂದು ಕೂಗಿಕೊಂಡಳು.

ಅಂಗೈಯ ನಡುವೆ ಕಪ್ಪಗೆ, ನುಣ್ಣಗೆ ಲಿಂಗ ಕೂತಿತ್ತು. ಅಷ್ಟು ದಿನ ಒತ್ತಿ ಹಿಡಿದದ್ದಕ್ಕೆ ಚರ್ಮದಲ್ಲಿ ಗುಳಿ ಬಿದ್ದಿತ್ತು.

ಅಯ್ಯನವರು ಕೈಮುಗಿದರು. "ಎಡಗೈ ಬಿದ್ದ ಕೂಡಲೆ ಬಲಗೈಲೆ ತಗದು ಇಟ್ಕೊಂಡಾರ. ನಾವು ಮಾಡೂ ಕೆಲಸ ಅವರ ಮಾಡಿ ಮುಗಿಸ್ಯಾರ ತಾಯಿ. ಮಠಕ್ಕ ಹೋಗೂದು ಬ್ಯಾಡ."

ಶಂಕ್ರಮ್ಮ ಅತ್ತಳು, ಅಳುತ್ತಲೇ ನಕ್ಕಳು. "ನೋಡ್ರಿ ಅಂಬುಜಮ್ಮ, ನನ್ನ ಕೈಯಾಗ ತೊಳಸ್ಕೊಳ್ಳಿಲ್ಲ ಈ ಮನಷ್ಯಾ! ಎಷ್ಟು ಬೈದೀನಿ!" ಅವನು ಹೋದದ್ದು ಹೋದದ್ದೇ. ಆದರೆ ಕೈಬಿಟ್ಟು ಹೋಗಿರಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು. ಲಿಂಗವನ್ನು ಮುಟ್ಟದೆ, ಅವನ ಬೆರಳುಗಳನ್ನು ಒಂದೊಂದಾಗಿ ಮೊದಲಿನಂತೆಯೇ ಮಡಿಚಿದಳು.

ಬಿದಿರಿನವನು ಇನ್ನೂ ಬಾಗಿಲಲ್ಲೇ ಇದ್ದ. ಸೋಮಲಿಂಗಪ್ಪ ಈಗ ಮೆತ್ತಗೆ, "ಬಾರಪ್ಪಾ, ನಿನ್ನ ಗಳಾ ಕುರ್ಚಿಗೆ ಕಟ್ಟೋಣು" ಎಂದ. ಕಟ್ಟಿದ ಮೇಲೆ ಬಿದಿರಿನವನೂ ಒಂದು ಹೆಗಲು ಕೊಟ್ಟ.

ಶಂಕ್ರಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ಹೂವಿನ ಕುರ್ಚಿ ಬೀದಿಯ ತಿರುವಿನಲ್ಲಿ ನಿಧಾನವಾಗಿ ಹೊರಳಿತು. ವೀರಪ್ಪ ನೆಟ್ಟಗೆ ಕೂತಿದ್ದ. ತೊಡೆಯ ಮೇಲಿನ ಎಡಗೈ ಮುಷ್ಟಿ ಕಟ್ಟಿತ್ತು, ಅಂದು ಮನೆ ಗುಡಿಸಿ, ಬೀಗದಕೈ ಒಪ್ಪಿಸಲು ಮಾಲೀಕನ ಮನೆಗೆ ಹೊರಟಿದ್ದನಲ್ಲ, ಹಾಗೆಯೇ.