ದುರ್ಬೀನಿನೊಳಗಿನ ಕಂಬ

“ಇವತ್ತು ಅಜ್ಜನ ಮಾತು ಮೀರಿದೆ. ಅಜ್ಜನಿಗೆ ಗೊತ್ತಿಲ್ಲ. ಗೊತ್ತಾದರೆ ಹೇಗೆ ಅಂತ ಒಂದು ಹೆದರಿಕೆ, ಗೊತ್ತೇ ಆಗದಿದ್ದರೆ ಹೇಗೆ ಅಂತ ಇನ್ನೊಂದು.”

ಇಷ್ಟು ಬರೆದು ಗಾರ್ಗಿ ಡೈರಿಯನ್ನು ಲೆನ್ಸಿನ ಡಬ್ಬಿಗಳ ಹಿಂದೆ ತಳ್ಳಿದಳು. ಮಧ್ಯಾಹ್ನ ಮೂರರ ಹೊತ್ತು. ಅಜ್ಜ ಊಟಕ್ಕೆಂದು ಚಿದ್ರಿ ಬಡಾವಣೆಯ ಮನೆಗೆ ಹೋದವರು ಇನ್ನೂ ಅಂಗಡಿಗೆ ಮರಳಿರಲಿಲ್ಲ. ಮೇಜಿನ ಮೇಲೆ, ಹಳದಿ ಬಟ್ಟೆಯ ನಡುವೆ, ಹವಾಲ್ದಾರರ ದುರ್ಬೀನು ಏನೂ ಆಗಿಲ್ಲವೆಂಬಂತೆ ಮಲಗಿತ್ತು.

ಬೀದರಿನಲ್ಲಿ ಅಜ್ಜ ಭಾಲಚಂದ್ರರಾಯರ ಕೈ ಎಂದರೆ ಒಂದು ಹೆಸರು. ನಲವತ್ತು ವರ್ಷ ಅವರು ಕಾಲುವೆ, ರಸ್ತೆ ಅಳೆಯುವವರ ಲೆವೆಲ್ ಯಂತ್ರಗಳನ್ನು ರಿಪೇರಿ ಮಾಡಿದವರು. ಆ ಯಂತ್ರಗಳ ಕಣ್ಣೊಳಗಿನ ಅಡ್ಡಗೆರೆ ಹರಿದರೆ ಜೇಡದ ನೂಲು ಹಿಡಿದು ಹೊಸದು ಕೂಡಿಸುತ್ತಿದ್ದರು. ಎರಡು ವರ್ಷದಿಂದ ಆ ಬಲಗೈ ನಡುಗುತ್ತಿದೆ. ಗಿರಾಕಿ ಬಂದರೆ ಅಜ್ಜ ಕೈಯನ್ನು ಅಂಗಿಯ ಕಿಸೆಯಲ್ಲಿಟ್ಟು, “ಆಯ್ತ್ರಿ, ನಾ ನೋಡ್ತೇನಿ” ಎನ್ನುತ್ತಾರೆ. ಗಿರಾಕಿ ಹೋದ ಮೇಲೆ ಚಿಮಟ ಗಾರ್ಗಿಯ ಕೈಗೆ ಬರುತ್ತದೆ. ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿದ್ದ ಮೊಮ್ಮಗಳು ಅಂಗಡಿಯ ಲೆಡ್ಜರ್ ಬರೆಯುತ್ತಾಳೆಂದೇ ಊರು ತಿಳಿದಿತ್ತು. ಅದನ್ನು ತಿದ್ದುವ ಧೈರ್ಯ ಅವಳಿಗಿರಲಿಲ್ಲ. ತಿದ್ದಬೇಕೆಂಬ ಆಸೆ ಇರಲಿಲ್ಲವೆಂದರೆ ಮಾತ್ರ ಸುಳ್ಳು.

ಹವಾಲ್ದಾರ ಕಾಶೀನಾಥ ಬಂದದ್ದು ಹನ್ನೆರಡು ದಿನದ ಹಿಂದೆ, ಔರಾದ ತಾಲೂಕಿನ ಠಾಣಾ ಕುಶನೂರದಿಂದ, ಬೆಳಗಿನ ಬಸ್ಸಿಗೆ. ಎಂಬತ್ತು ದಾಟಿದ ಮುದುಕ, ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗೆ. ಕಂಬಳಿಯ ಚೀಲದಿಂದ ಒಂದು ಮೊಳಕ್ಕಿಂತ ಗಿಡ್ಡದಾದ ಕರಿ ಕೊಳವೆ ತೆಗೆದು ಮೇಜಿನ ಮೇಲಿಟ್ಟರು.

“ಬಂದೂಕಿನ ಮ್ಯಾಲ ಕೂಡ್ಸೂ ದುರ್ಬೀನು. ಬಂದೂಕಿಲ್ರಿ, ಇದೊಂದ ಅದ. ಫೌಜ್ ಬಿಟ್ಟು ಬರೂ ಮುಂದ ಗುಜರಿ ಲಿಲಾವಿನ್ಯಾಗ ತಗೊಂಡಿದ್ದೆ. ಜರ್ಮನಿದು ಅಂತಂದಿದ್ದ ಕೊಟ್ಟಾಂವ.”

“ಇದರಿಂದ ಈಗೇನು ಮಾಡ್ತೀರಿ, ಹವಾಲ್ದಾರ ಸಾಹೇಬ?” ಎಂದರು ಅಜ್ಜ.

“ಕುರಿ ಎಣಿಸ್ತೇನ್ರಿ! ಹೊಲದ ಈ ಕಡಿ ಕುಂತು ಆ ಕಡಿ ಕುರಿ ಎಣಿಸ್ತೇನಿ. ಮಗ ನಗ್ತಾನ. ನಗಲಿ. ಬರೂದು ಬಿಟ್ಟು ಮುಂದಿನ ಐತವಾರ ಭಾಲ್ಕಿಯಾಗ ನಮ್ಮ ಮಾಜಿ ಸೈನಿಕರ ಕೂಟ ಅದ. ಅಲ್ಲಿ ಇದರಾಗ ಒಮ್ಮಿ ಮೊದಲಿನಂಗ ನೋಡಬೇಕ್ರಿ.”

ಅಜ್ಜ ಎಡಗೈಯಲ್ಲಿ ಕೊಳವೆ ತಿರುಗಿಸಿದರು. ಮೇಲೊಂದು, ಪಕ್ಕಕ್ಕೊಂದು, ಅಂಕಿ ಕೊರೆದ ಎರಡು ಗುಂಡಿ. ಕರಿ ಬಣ್ಣ ಸವೆದಲ್ಲಿ ಪಿತ್ತಳೆ ಇಣುಕುತ್ತಿತ್ತು. ಕಣ್ಣಿಡುವ ತುದಿಯ ಹತ್ತಿರ ಕಾಳಿನಷ್ಟು ಸಣ್ಣದೊಂದು ಬಾಣದ ಗುರುತು.

“ಜರ್ಮನಿದು ಅಲ್ಲಪಾ. ಆ ಕಾಲದ ಜರ್ಮನಿದ್ರಾಗ ಬಹಳ ಮಾಡಿ ಮ್ಯಾಲಿಂದೊಂದ ಗುಂಡಿ ಇರ್ತದ. ಎಡಕ್ಕ ಬಲಕ್ಕ ಸರಿಸೂದು ಕೆಳಗಿನ ಪಟ್ಟಿಯಾಗ. ಇದಕ್ಕ ಎರಡು ಗುಂಡಿ. ಮ್ಯಾಲ ಈ ಬಾಣ, ಸರಕಾರಿ ಮಾಲಿನ ಠಸ್ಸೆ. ಇದು ಇಂಗ್ರೇಜಿ ಫೌಜಿಂದು. ಮಹಾಯುದ್ಧದ ಕಾಲದ್ದು.”

ಲೆಡ್ಜರಿನ ಮೇಲೆ ಬಗ್ಗಿದ್ದ ಗಾರ್ಗಿಗೆ ಆ ಕ್ಷಣ ಎದೆ ತುಂಬಿ ಬಂತು. ಇದು ನಮ್ಮ ಅಜ್ಜ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಎಂದಿನಂತೆ ಡೈರಿಗೆ ಹೇಳಿದಳು.

ಒಳಗೆ ಏನೋ ಕಟಕಟ ಅನ್ನುತ್ತಿತ್ತು. ಬಿಚ್ಚಿದಾಗ ಗೊತ್ತಾಯಿತು: ಗುರಿ ಹಿಡಿಯಲಿಕ್ಕೆಂದು ಇದ್ದ ಸೂಜಿಯಷ್ಟು ತೆಳ್ಳನೆಯ ಕಂಬ ಬೆಸುಗೆ ಬಿಟ್ಟು ಕೊಳವೆಯಲ್ಲಿ ಉರುಳಾಡುತ್ತಿದೆ, ಅಡ್ಡಗೆರೆ ಹರಿದುಹೋಗಿದೆ. ಮುಂದಿನ ಜೋಡಿ ಗಾಜುಗಳ ನಡುವಿನ ಅಂಟು ಹಳೆಯ ತುಪ್ಪದಂತೆ ಹಳದಿಗಟ್ಟಿದೆ. ಕೊಳವೆಯ ಬಾಯಿಯ ಬಳೆ ಬಿಚ್ಚಲು ಅಂಗಡಿಯಲ್ಲಿ ಸಾಧನವಿರಲಿಲ್ಲ. ಗಾರ್ಗಿ ತನ್ನ ಶಾಲೆಯ ಕಂಪಾಸ್ ಪೆಟ್ಟಿಗೆಯ ಡಿವೈಡರಿನ ಮೊನೆ ಉಜ್ಜಿ ಚಪ್ಪಟೆ ಮಾಡಿ ಒಂದು ಸಾಧನ ಮಾಡಿಕೊಂಡಳು. ಗಾಜನ್ನು ನಿಧಾನವಾಗಿ ಕಾಯಿಸಿ ಬಿಡಿಸಲು ಮನೆಯ ರೊಟ್ಟಿ ಹಂಚಿನ ಮೇಲೆ ಮರಳು ಹರಡಿದಾಗ ಅಜ್ಜಿ ಸರಸ್ವತಿಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತರು.

“ಹಂಚಿನ ಮ್ಯಾಲ ಗಾಜು ಬೇಯಿಸ್ರಿ. ನಾಳಿ ರೊಟ್ಟಿ ದುರ್ಬೀನಿನ್ಯಾಗ ಬಡೀತೇನಿ.”

“ಬಡಿ, ದೂರಿಂದ ದೊಡ್ಡು ಕಾಣ್ತಾವ” ಎಂದರು ಅಜ್ಜ.

ನೂಲಿಗಾಗಿ ಗಾರ್ಗಿ ಅಷ್ಟೂರಿಗೆ ಹೋದಳು. ಸುಲ್ತಾನರ ಗೋರಿಗಳ ಹಿಂದಿನ ಬೇಲಿಯಲ್ಲಿ ಜೇಡದ ತತ್ತಿಯ ಗೂಡು ಸಿಕ್ಕಿತು. ಅದರಿಂದ ಒಂದೆಳೆ ಎಳೆದು ರಟ್ಟಿನ ಕವಲಿಗೆ ಸುತ್ತಿ ತಂದಳು. ಎಳೆಯನ್ನು ಬಿಸಿನೀರಿನ ಹಬೆಗೆ ಹಿಡಿದು, ಹಿಗ್ಗಿಸಿ, ಕಂಬ ನಿಲ್ಲುವ ಒಳಬಳೆಯ ಮೇಲಿನ ಗೀರಿನಲ್ಲಿ ಕೂಡಿಸಿ, ಎರಡೂ ತುದಿಗೆ ಅರಗಿನ ಚುಕ್ಕಿ ಇಡಬೇಕು. ಉಸಿರು ಬಿಟ್ಟರೆ ಎಳೆ ಹಾರುತ್ತದೆ. ಸಾಲಿಯಲ್ಲಿ, ಕಾಲೇಜಿನಲ್ಲಿ, ಲಗ್ನದ ಮನೆಗಳಲ್ಲಿ “ಈ ಪೋರಿ ಬಾಯಿ ಬಿಡಾಂಗಿಲ್ಲ” ಎಂದು ಅನ್ನಿಸಿಕೊಂಡವಳಿಗೆ ಬಾಯಿ ಮುಚ್ಚಿ, ಉಸಿರು ಹಿಡಿದು ಕೂರುವುದು ಈ ಒಂದು ಮೇಜಿನ ಮುಂದೆ ಕಸುಬಾಗಿತ್ತು.

ಕಂಬ ಕೂಡಿಸುವ ದಿನ ಅಜ್ಜ ಹೇಳಿದರು: “ಕೆಳಗಿಂದ ನಿಲ್ಲಸು. ಗುರಿ ಕಂಬದ ತುದಿ ಮ್ಯಾಲ ಕೂಡ್ತದ. ಇಟ್ಟಂಗ ಕಾಣ್ತದ.”

ಇಟ್ಟ ಹಾಗೆ ಕಾಣುತ್ತದೆ. ಲೆವೆಲ್ ಯಂತ್ರಕ್ಕೆ ಆ ಮಾತು ನಿಜ. ಹಳೆಯ ಲೆವೆಲ್ಲಿನಲ್ಲಿ ನೋಟವೇ ತಲೆಕೆಳಗು, ಅದನ್ನು ಯಾರೂ ತಿರುಗಿಸುವುದಿಲ್ಲ. ಗೆರೆ ಮಾತ್ರ ಇಟ್ಟಂತೆ ಇರುತ್ತದೆ. ಆದರೆ ಬಂದೂಕಿನ ದುರ್ಬೀನಿನಲ್ಲಿ ಕಂಬದ ಹಿಂದೆ ಇನ್ನೊಂದು ಜೊತೆ ಗಾಜುಗಳಿವೆ. ಅವು ತಲೆಕೆಳಗಾದ ನೋಟವನ್ನು ತಿರುಗಿಸಿ ನೆಟ್ಟಗೆ ಮಾಡುತ್ತವೆ. ನೋಟದ ಜೊತೆ ಕಂಬವನ್ನೂ ತಿರುಗಿಸುತ್ತವೆ. ಗಾರ್ಗಿಗೆ ಅದು ಹೊಳೆದಿತ್ತು. ಹೇಳಲು ಬಾಯಿ ತೆರೆದಳು, ಅಜ್ಜನ ಕಿಸೆಯೊಳಗೆ ನಡುಗುತ್ತಿದ್ದ ಕೈ ಕಂಡಿತು. ಅಷ್ಟು ಕಳಕೊಂಡವರಿಂದ ಇದನ್ನೂ ಹೇಗೆ ತಗೊಳ್ಳಲಿ ಎಂದು ಬಾಯಿ ಮುಚ್ಚಿದಳು.

ಹೇಳಿದಂತೆಯೇ ಇಟ್ಟಳು. ಅಜ್ಜ ಊಟಕ್ಕೆ ಹೋದ ಮೇಲೆ ಎದುರಿನ ನೀರಿನ ಟಾಕಿಯತ್ತ ಹಿಡಿದು ನೋಡಿದಳು. ಕಂಬ ಆಕಾಶದಿಂದ ಜೋತುಬಿದ್ದಿತ್ತು.

ಮತ್ತೆ ಬಿಚ್ಚಿದಳು. ಬಿಚ್ಚುವಾಗ ಎಳೆ ಹರಿಯಿತು. ಹೊಸ ಎಳೆ ಕೂಡಿಸಿ, ಅರಗು ಒಣಗುವತನಕ ಕಾದು, ಕಂಬವಿದ್ದ ಒಳಬಳೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಳು. ಆಮೇಲೆ ಡೈರಿ ತೆಗೆದಳು.

ನಾಲ್ಕು ಗಂಟೆಗೆ ಅಜ್ಜ ಬಂದು ದುರ್ಬೀನಿನಲ್ಲಿ ಇಣುಕಿದರು. ಕಂಬ ನೆಲದಿಂದ ನೆಟ್ಟಗೆ ನಿಂತಿತ್ತು.

“ನೋಡಿದಿ? ಇಟ್ಟಂಗ ಕಾಣ್ತದ ಅಂದಿಲ್ಲೇನು ನಾ?”

ಗಾರ್ಗಿ ತಲೆ ಅಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಐತವಾರ ಇಬ್ಬರೂ ಭಾಲ್ಕಿಗೆ ಹೋದರು. ಸಭಾಭವನದ ತುಂಬ ಬಿಳಿ ಮೀಸೆಗಳು, ಪದಕಗಳು, ಚಹಾ. ಕೂಟ ನಡೆಸುತ್ತಿದ್ದ ಮಕರಂದ ಎಂಬಾತ ದೊಡ್ಡ ಗಂಟಲಿನ ಮನುಷ್ಯ. ದುರ್ಬೀನನ್ನು ಮೇಜಿನ ಮೇಲಿಟ್ಟು, “ಭಾಲಚಂದ್ರ ಕಾಕಾರ ಕೈ ಅಂದ್ರ ಸುಮ್ಮ ಅಲ್ರಿ!” ಎಂದು ಸಾರಿದ. ಅಜ್ಜ ಕಿಸೆಯಿಂದ ಕೈ ತೆಗೆಯದೆ ನಕ್ಕರು. ಗಾರ್ಗಿ ಅವರ ಹಿಂದೆ, ಗೋಡೆಗೆ ಆತು ನಿಂತಳು.

ಹವಾಲ್ದಾರರು ಕಿಟಕಿಯ ಹತ್ತಿರ ಹೋಗಿ, ದೂರದ ಬೇವಿನ ಮರದತ್ತ ದುರ್ಬೀನು ಹಿಡಿದರು. ಮೇಲಿನ ಗುಂಡಿ ತಿರುಗಿಸಿ, ಮತ್ತೆ ಕಣ್ಣಿಟ್ಟರು. ಆ ಹೊತ್ತಿನಲ್ಲಿ ಗಾರ್ಗಿ ಎಳೆ ಕೂಡಿಸುವಾಗಿನಂತೆ ಉಸಿರು ಹಿಡಿದಿದ್ದಳು.

“ಎಲಿ ಎಲಿ ಕಾಣಲಿಕತ್ತದ” ಎಂದರು ಕೊನೆಗೆ. “ಕಂಬ ನೆಟ್ಟಗ ನಿಂತದ್ರಿ! ಭಾಲಚಂದ್ರರಾವ, ನಿಮಗ ಒಂದು ಮಾತು ಮುಚ್ಚಿಟ್ಟಿದ್ದೆ. ಮೊದಲ ದೊಡ್ಡ ಶಹರದಾಗ ಒಬ್ಬ ಕಾರೀಗರಗ ಕೊಟ್ಟಿದ್ದೆ. ಅಂವ ಕಂಬ ಕೆಳಗಿಂದ ಹಚ್ಚೀನಿ ಅಂತ ಹೇಳಿ ಕೊಟ್ಟ. ನೋಡಿದ್ರ ಮ್ಯಾಲಿಂದ ಜೋತುಬಿದ್ದದ, ಬಾವಲಿ ಹಂಗ! ಆಮ್ಯಾಲ ಅದೂ ಕಿತ್ತು ಬಿತ್ತು. ನೀವು ಅದನ್ನ ಮ್ಯಾಲಿಂದ ಹಚ್ಚಿರಬೇಕು. ಹ್ಯಾಂಗ ತಿಳೀತ್ರಿ ನಿಮಗ?”

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ಅವರ ಹುಬ್ಬು ಮೆಲ್ಲಗೆ ಮೇಲೇರಿತು. ಕಣ್ಣು ಹವಾಲ್ದಾರರಿಂದ ದುರ್ಬೀನಿಗೆ, ದುರ್ಬೀನಿನಿಂದ ಹಿಂದೆ ಗೋಡೆಯ ಕಡೆಗೆ ಹೊರಳಿತು. ನೆಲಕ್ಕೆ ಬಿದ್ದು ಕಳೆದುಹೋದ ಸ್ಕ್ರೂ ಕೈಗೆ ಸಿಕ್ಕಾಗ ಆ ಕಣ್ಣಿನಲ್ಲಿ ಬರುತ್ತಿದ್ದ ಹೊಳಪನ್ನು ಗಾರ್ಗಿ ಬಲ್ಲಳು. ಅದೇ ಹೊಳಪು.

ಅಜ್ಜ ಕಿಸೆಯಿಂದ ಬಲಗೈ ತೆಗೆದರು. ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟರು. ಅದು ನಡುಗುತ್ತಿತ್ತು.

“ಗಾರ್ಗಿ, ಮುಂದ ಬಾ. ನಾ ನಿನಗ ಕಂಬ ಕೆಳಗಿಂದ ನಿಲ್ಲಸು ಅಂದಿದ್ದೆ. ಹೌದಿಲ್ಲೊ?”

ಇಲ್ಲ ಅಜ್ಜಾ, ಮೇಲಿಂದ ಅಂದಿದ್ದಿರಿ ಎಂದರೆ ಮುಗಿಯುತ್ತಿತ್ತು. ಯಾರಿಗೂ ನೋವಿಲ್ಲ, ಊರಿನಲ್ಲಿ ಆ ಹೆಸರು ಹಾಗೇ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಅಜ್ಜ ಆ ಕೈಯನ್ನು ಮತ್ತೆ ಕಿಸೆಗೆ ಹಾಕಲಿಲ್ಲ. ಅದು ಅಲ್ಲೇ, ದುರ್ಬೀನಿನ ಪಕ್ಕದಲ್ಲಿ, ಕಾಯುತ್ತಿತ್ತು.

ಗಾರ್ಗಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಹಿಡಿದಿದ್ದ ಉಸಿರು ಬಿಟ್ಟಳು.

“ಹೌದ್ರಿ ಅಜ್ಜಾ. ನೀವು ಹೇಳಿದ್ದು ತಪ್ಪಿತ್ತು. ನಾ ತಿರುಗಿಸಿ ಇಟ್ಟೀನಿ. ಆ ಎಳಿನೂ ನಾನ ಕೂಡ್ಸೀನ್ರಿ.”