ಹೆಣದ ಕೋಟಿನ ದರ್ಜಿ

ಇಪ್ಪತ್ತೆರಡು ವರ್ಷದಿಂದ ಅವನು ಹೊಲಿದದ್ದೆಲ್ಲ ಸತ್ತವರ ಕೋಟು. ಶವಪೆಟ್ಟಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಮಿಷನ್ನು. ಹೆಣದ ಕೋಟಿಗೆ ಬೆನ್ನು ಬೇಡ, ಜೇಬು ಬೇಡ. ಮುಂದೆ ಗುಂಡಿಗಳು ಸಾಲಾಗಿ ಕೂತು, ಹಿಂದೆ ಲಾಡಿ ಕಟ್ಟಿದರೆ ಮುಗಿಯಿತು. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ತಕರಾರು ತೆಗೆದಿಲ್ಲ ಎಂದು ತಾನೇ ನಗುತ್ತಿದ್ದ. ಹೆಂಡತಿ ನಗುತ್ತಿರಲಿಲ್ಲ.

“ಹೆಣದ ಬಟ್ಟೆ ಹೊಲಿಯೋ ಕೈ ಅಂತ, ನೀವು ಬಡಿಸಿದ್ರೆ ಮಗಳು ಊಟ ಬಿಟ್ಟು ಏಳ್ತಾಳೆ. ಈ ತಿಂಗಳೊಳಗೆ ಬದುಕಿರೋರ ಬಟ್ಟೆ ಹೊಲೀರಿ. ಇಲ್ಲಾಂದ್ರೆ ಇಬ್ರೂ ನನ್ನ ತಮ್ಮನ ಮನೆಗೆ ಹೋಗ್ತೀವಿ” ಎಂದವಳು ಚೀಲವನ್ನೂ ತುಂಬಿಟ್ಟಳು.

ಅವನು ಪೇಟೆಯ ದೊಡ್ಡ ಟೈಲರಂಗಡಿಗೆ ಹೋಗಿ ಕೈಕಟ್ಟಿ ನಿಂತು, ಇಷ್ಟು ವರ್ಷ ಹೊಲಿದದ್ದು ಯಾರ ಕೋಟೆಂದು ಮುಚ್ಚಿಡದೆ ಹೇಳಿ ಕೆಲಸ ಕೇಳಿದ. ಮಾಲೀಕ ಮೇಲಿಂದ ಕೆಳಗೆ ನೋಡಿ, “ನನಗೇ ಒಂದು ಕೋಟು ಹೊಲೀರಿ ಮಾಸ್ಟ್ರೇ. ಸರಿಯಾಗಿ ಕೂತ್ರೆ ಆ ಕಿಟಕಿ ಪಕ್ಕದ ಮಿಷನ್ನು ನಿಮ್ದು” ಎಂದ.

ಟೇಪು ಬಿಚ್ಚಿದಾಗ, ‘ಸ್ವಲ್ಪ ಮಲಗ್ತೀರಾ ಸಾರ್’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಮರೆಯದೆ ಬೆನ್ನು ಇಟ್ಟ. ಜೇಬನ್ನಂತೂ ಒಂದಲ್ಲ, ಐದು ಇಟ್ಟ.

ಟ್ರಯಲ್ ದಿನ ಕೋಟು ಮಾಲೀಕನ ಮೈಗೆ ಅಚ್ಚು ಹೊಡೆದಂತೆ ಕೂತಿತು. ಕೆಲಸದವರೆಲ್ಲ ಎದ್ದು ಬಂದರು. “ಕಾಲರ್ ನೋಡ್ರಪ್ಪಾ, ಕಲೀರಿ” ಎನ್ನಲು ಮಾಲೀಕ ಉಸಿರೆಳೆದುಕೊಂಡ. ಮೂರು ಗುಂಡಿ ಹಾರಿದವು. ಒಂದು ಇಸ್ತ್ರಿಯವನ ಕೆನ್ನೆಗೆ ಬಡಿಯಿತು.

ಎದೆಗೆ ಒಂದು ಬೆರಳಿನ ಸಡಿಲವನ್ನೂ ಬಿಟ್ಟಿರಲಿಲ್ಲ. ಅವನ ಗಿರಾಕಿಗಳ ಎದೆ ಏರಿಳಿದದ್ದೇ ಇಲ್ಲವಲ್ಲ.

“ಇದನ್ನ ಹಾಕ್ಕೊಳ್ಳೋಕೆ ನಾನು ಸಾಯ್ಬೇಕಾ ಮಾಸ್ಟ್ರೇ?” ಎಂದ ಮಾಲೀಕ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅವನನ್ನು ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿದ. “ಕೆಲಸ ಆಗಲ್ಲ. ಆದ್ರೆ ಕೈ ಚೊಕ್ಕ ಇದೆ. ನಮ್ಮಪ್ಪ ಹಾಸಿಗೆ ಹಿಡಿದಿದ್ದಾರೆ. ಅವರಿಗೊಂದು ಹೊಲಿದಿಡಿ.”

“ಅಳತೆಗೆ ಯಾವಾಗ ಬರ್ಲಿ ಸಾರ್?”

“ಈಗ್ಲೇ ಬೇಡ. ದಿನಾ ಇಳೀತಿದ್ದಾರೆ.”

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಏನಾಯ್ತು?”

“ಆರ್ಡರ್ ಸಿಕ್ತು.”

“ಯಾರದ್ದು? ಅಂಥೋರದ್ದೇನಾ?”

“ಇಲ್ಲ ಕಣೇ. ಬದುಕಿದಾರೆ.”

ಅವಳು ಒಳಗೆ ಹೋಗಿ ಚೀಲ ಬಿಚ್ಚತೊಡಗಿದಳು. ಅವನು ಹೊಸ್ತಿಲಲ್ಲೇ ಕೂತು, ಮುದುಕ ಇನ್ನೊಂದಿಷ್ಟು ದಿನ ಎಳೆಯಲಿ ಎಂದು ಬೇಡಿಕೊಂಡ.